ಕರೆಂಟ್ ಬಂದ ಮೊದಲ ಸೆಕೆಂಡುಗಳು: ಒಂದು ಪೇಟೆಂಟ್ ಆಕ್ಷೇಪಣೆಯ ಒಳಗೆ

ಪೇಟೆಂಟ್ ಅರ್ಜಿಗೆ ಪರೀಕ್ಷಕರಿಂದ ಬರುವ ಮೊದಲ ವರದಿಯನ್ನು ನಮ್ಮ ವೃತ್ತಿಯಲ್ಲಿ ಎಫ್‌ಇಆರ್ ಅನ್ನುತ್ತೇವೆ. ಅದರಲ್ಲಿ ಬರುವ ಆಕ್ಷೇಪಣೆಗಳಲ್ಲಿ ಹೆಚ್ಚಿನವು ತಿದ್ದಿಕೊಟ್ಟರೆ ಮುಗಿಯುವಂಥವು. ಡ್ರಾಯಿಂಗ್‌ನಲ್ಲಿ ನಂಬರ್ ಬಿಟ್ಟುಹೋಗಿದೆ, ಯಾವುದೋ ಫಾರ್ಮ್ ಸಲ್ಲಿಸಿಲ್ಲ, ಕ್ಲೈಮಿನ, ಅಂದರೆ ‘ನನ್ನ ಹಕ್ಕು ಇಷ್ಟಕ್ಕೆ’ ಎಂದು ಹೇಳುವ ವಾಕ್ಯದ, ಒಂದು ಪದಕ್ಕೆ ಎರಡರ್ಥ ಬರುತ್ತದೆ, ಹೀಗೆ. ಒಂದು ಆಕ್ಷೇಪಣೆ ಮಾತ್ರ ಹಾಗಲ್ಲ. ‘ಇದು ಆಬ್ವಿಯಸ್; ಈ ವಿದ್ಯೆ ಬಲ್ಲ ಯಾರಿಗಾದರೂ ಹಳೆಯ ದಾಖಲೆಗಳನ್ನು ನೋಡಿದರೆ ಹೊಳೆಯುವಂಥದ್ದು’ ಎಂದು ಬರೆದಿದ್ದರೆ ಅದಕ್ಕೆ ತಿದ್ದುಪಡಿಯ ಉತ್ತರ ಸಾಲದು. ಅದು ನಿಜವೇ ಅಂತ ಮೊದಲು ನಾವೇ ತೀರ್ಮಾನಿಸಬೇಕು. ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್ ಆಗಿ ಕೆಲಸ ಮಾಡುವ ನಾನು ಅದಕ್ಕೂ ಮೊದಲು ರೇಡಿಯೋ ಸರ್ಕ್ಯೂಟ್‌ಗಳ ಎಂಜಿನಿಯರ್ ಆಗಿದ್ದವಳು. ಈ ತೀರ್ಮಾನ ನನ್ನನ್ನು ಬಹಳ ಕಾಡಿದ ಒಂದು ಅರ್ಜಿಯ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅರ್ಜಿದಾರರು ತಿಪಟೂರು ಸೀಮೆಯವರು. ಡಿಪ್ಲೊಮಾ ಓದಿ, ಊರೂರು ತಿರುಗಿ ಪಂಪ್ ಸ್ಟಾರ್ಟರ್ ರಿಪೇರಿ ಮಾಡಿ, ಆಮೇಲೆ ತಾವೇ ವೈರ್‌ಲೆಸ್ ಪಂಪ್ ಕಂಟ್ರೋಲರ್ ತಯಾರಿಸಿ ಮಾರತೊಡಗಿದವರು. ‘ಹೆಸರು ಹಾಕ್ಬೇಡಿ ಮೇಡಂ, ವಿಷಯ ಎಷ್ಟ್ ಬೇಕಾದ್ರೂ ಬರೀರಿ’ ಅಂದಿದ್ದಾರೆ. ಅವರ ಸಾಧನ ಸ್ಟಾರ್ಟರ್ ಪಕ್ಕದಲ್ಲಿ ಕೂರುವ ಒಂದು ಪೆಟ್ಟಿಗೆ. ಒಳಗೆ ಲೋರಾ ರೇಡಿಯೋ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವಂಥದ್ದು. ಲೈಸೆನ್ಸ್ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಊರಿನ ಓವರ್‌ಹೆಡ್ ಟ್ಯಾಂಕಿನ ಮೇಲಿರುವ, ಎಲ್ಲ ಪೆಟ್ಟಿಗೆಗಳ ಸಂದೇಶ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಗೇಟ್‌ವೇಗೆ ಅದು ಸಂದೇಶ ಕಳಿಸುತ್ತದೆ: ಮೋಟಾರ್ ಆನ್ ಆಯಿತು, ಇಷ್ಟು ಆಂಪ್ಸ್ ಎಳೆಯುತ್ತಿದೆ, ಬೋರ್‌ನಲ್ಲಿ ನೀರಿಲ್ಲದೆ ಒಣಗಿ ಓಡುತ್ತಿದೆ. ಪೇಟೆಯಲ್ಲಿ ಕೂತ ರೈತರಿಗೆ ಅದು ಮೊಬೈಲ್‌ನಲ್ಲಿ ಕಾಣುತ್ತದೆ. ಇಷ್ಟರಲ್ಲಿ ಹೊಸದೇನೂ ಇಲ್ಲ. ಇಂಥ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಹೊಸತು ಇದ್ದದ್ದು ಒಂದೇ ಒಂದು ಇಕ್ಕಟ್ಟಿನ ಗಳಿಗೆಯಲ್ಲಿ. ಹಳ್ಳಿಯ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಬರುವುದು ದಿನದಲ್ಲಿ ಕೆಲವೇ ಗಂಟೆ. ಬಂದ ಕೂಡಲೇ ಆಟೋ ಸ್ಟಾರ್ಟರ್‌ಗಳು ಒಂದಾದ ಮೇಲೊಂದು ಮೋಟಾರ್ ಎತ್ತುತ್ತವೆ, ಪೆಟ್ಟಿಗೆಗಳೆಲ್ಲ ‘ಮೋಟಾರ್ ಆನ್’ ಅಂತ ಹೇಳಲು ಹೊರಡುತ್ತವೆ. ಲೋರಾದ ಅತಿ ನಿಧಾನದ ಸೆಟ್ಟಿಂಗ್‌ನಲ್ಲಿ ಒಂದು ಪುಟ್ಟ ಸಂದೇಶ ಗಾಳಿಯಲ್ಲಿ ಹೋಗಲು ಒಂದು ಸೆಕೆಂಡಿಗಿಂತ ಹೆಚ್ಚೇ ಬೇಕು. ಅಷ್ಟರಲ್ಲಿ ಇನ್ನೊಂದು ಪೆಟ್ಟಿಗೆ ಮಾತಾಡಿದರೆ ಎರಡೂ ಕೆಡುವ ಸಂಭವವೇ ಹೆಚ್ಚು. ರೈತನಿಗೆ ಬೇಕಾದದ್ದು ಆ ಮೊದಲ ನಿಮಿಷದ ಸುದ್ದಿ. ಕೈಕೊಡುವುದೂ ಆ ನಿಮಿಷವೇ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಮದ್ದು, ಪ್ರತಿ ಪೆಟ್ಟಿಗೆ ತನಗೆ ತೋಚಿದಷ್ಟು ಹೊತ್ತು, ಅಂದರೆ ರ್‍ಯಾಂಡಮ್ ಆಗಿ, ಕಾದು ಮಾತಾಡುವುದು. 1970ರ ಸುಮಾರಿಗೆ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಗಾರರು ಕಟ್ಟಿದ ಅಲೋಹಾ ಜಾಲದಿಂದಲೂ ಈ ವಿದ್ಯೆ ಇದೆ. ಅದರ ಮಿತಿಯೂ ಅಂದಿನಿಂದಲೇ ಗೊತ್ತಿದೆ: ತೋಚಿದಾಗ ಮಾತಾಡುವ ಶುದ್ಧ ಅಲೋಹಾದಲ್ಲಿ ಚಾನೆಲ್‌ನ ಸಮಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಸಾರ್ಥಕವಾಗುತ್ತದೆ. ಇನ್ನೊಂದು ಮದ್ದು, ಮಾತಾಡುವ ಮೊದಲು ಕಿವಿಗೊಟ್ಟು ಕೇಳುವುದು. ಆದರೆ ತೆಂಗಿನ ತೋಟ, ದಿಣ್ಣೆ, ಹಳ್ಳ, ತಗಡಿನ ಪಂಪ್‌ಶೆಡ್‌ಗಳ ನಡುವೆ ಟ್ಯಾಂಕಿನ ಮೇಲಿನ ಗೇಟ್‌ವೇಗೆ ಕೇಳುವ ಎರಡು ಪೆಟ್ಟಿಗೆಗಳಿಗೆ ಪರಸ್ಪರರ ದನಿ ಕೇಳಿಸುವುದಿಲ್ಲ. ಕಿವಿಗೊಟ್ಟೂ ಫಲವಿಲ್ಲ.

ತಿಪಟೂರಿನವರು ಕಂಡದ್ದು ಇದು. ರೇಡಿಯೋದಲ್ಲಿ ಒಬ್ಬರಿಗೊಬ್ಬರು ಕೇಳಿಸದಿದ್ದರೂ ಇವರೆಲ್ಲ ಒಂದೇ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ತಂತಿಯಲ್ಲಿದ್ದಾರೆ. ಒಂದು ಮೋಟಾರ್ ಎದ್ದಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆ ಟಿಸಿಯಲ್ಲಿರುವ ಎಲ್ಲರ ವೋಲ್ಟೇಜೂ ಒಮ್ಮೆ ಕುಸಿದು ಮೇಲೇಳುತ್ತದೆ. ಪ್ರತಿ ಪೆಟ್ಟಿಗೆಯೂ ಕರೆಂಟ್ ಬಂದ ಕ್ಷಣದಿಂದ ಈ ಕುಸಿತಗಳನ್ನು ಎಣಿಸುತ್ತದೆ. ತನ್ನ ಮೋಟಾರ್ ಏಳುವ ಮೊದಲು ಮೂರು ಕುಸಿತ ಕಂಡಿದ್ದರೆ ತನ್ನ ಸರದಿ ನಾಲ್ಕನೆಯದು. ನಾಲ್ಕನೆಯ ಸಮಯದ ತುಣುಕಿನಲ್ಲಿ ಮಾತಾಡುತ್ತದೆ. ಸ್ಟಾರ್ಟರ್‌ಗಳ ಟೈಮರ್ ಒಂದೊಂದು ಒಂದೊಂದು ಥರ ಇರುವುದರಿಂದ ಮೋಟಾರ್‌ಗಳು ಹೇಗೂ ಹಿಂದೆ ಮುಂದೆ ಏಳುತ್ತವೆ. ಎರಡು ಒಟ್ಟಿಗೇ ಎದ್ದರೆ ಕುಸಿತ ಆಳವಾಗುತ್ತದೆ, ಆಗ ಮಾತ್ರ ಆ ಎರಡರ ನಡುವೆ ರ್‍ಯಾಂಡಮ್ ಕಾಯುವಿಕೆ. ಯಾರೂ ಯಾರಿಗೂ ಒಂದು ಮಾತೂ ಕಳಿಸದೆ ಸರದಿ ಗೊತ್ತಾಗುತ್ತದೆ. ಮೊದಲ ಸಲ ಅವರು ಇದನ್ನು ಬಿಳಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಆ ಸಂತೋಷವೇ ಈ ಕೆಲಸದಲ್ಲಿ ಅಡ್ಡಿ. ಉತ್ತರ ಗೊತ್ತಾದ ಮೇಲೆ, ಅದು ಗೊತ್ತಿಲ್ಲದವನ ತಲೆಯಲ್ಲಿ ಕೂತು ಯೋಚಿಸಬೇಕು. ಕಾನೂನು ಕೇಳುವುದು ಅದನ್ನೇ.

ಎಫ್‌ಇಆರ್‌ನಲ್ಲಿ ಎರಡು ಮುಖ್ಯ ದಾಖಲೆಗಳಿದ್ದವು. ಡಿ1 ಒಂದು ವಿದೇಶಿ ಪೇಟೆಂಟ್ ಅರ್ಜಿ, ಸ್ಮಾರ್ಟ್ ಮೀಟರ್‌ಗಳ ಜಾಲದ್ದು. ಹೋದ ಕರೆಂಟ್ ಮರಳಿದಾಗ ಮೀಟರ್‌ಗಳೆಲ್ಲ ಒಟ್ಟಿಗೆ ‘ಬಂತು’ ಅಂತ ಕೂಗದಿರಲಿ ಎಂದು ಪ್ರತಿಯೊಂದೂ ರ್‍ಯಾಂಡಮ್ ಆಗಿ ಕಾಯುತ್ತದೆ. ಡಿ2 ಒಂದು ಪಂಪ್ ಸ್ಟಾರ್ಟರ್. ಕರೆಂಟ್ ಬಂದ ಮೇಲೆ ವೋಲ್ಟೇಜ್ ಅಳೆದು, ಅದು ಒಂದು ಮಟ್ಟಕ್ಕೆ ಏರುವವರೆಗೆ ಮೋಟಾರ್ ಎತ್ತದೆ ತಡೆಯುತ್ತದೆ. ಪರೀಕ್ಷಕರ ವಾದ ನೇರವಾಗಿತ್ತು. ಕರೆಂಟ್ ಬಂದಾಗ ಸಂದೇಶಗಳನ್ನು ಹಿಂದೆ ಮುಂದೆ ಮಾಡಬೇಕು ಅಂತ ಡಿ1 ಹೇಳುತ್ತದೆ. ವೋಲ್ಟೇಜ್ ನೋಡಿ ತಡಮಾಡಬಹುದು ಅಂತ ಡಿ2 ಹೇಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಈ ಅರ್ಜಿ ಬಂತು. ಮೊದಲ ಓದಿಗೆ ನನಗೂ ಇದು ಗಟ್ಟಿ ವಾದ ಅನ್ನಿಸಿತು. ಸೆಕ್ಷನ್ 3(ಕೆ) ಅಡಿಯಲ್ಲಿ ‘ಇದು ಬರೀ ಕಂಪ್ಯೂಟರ್ ಪ್ರೋಗ್ರಾಂ’ ಎಂಬ ಆಕ್ಷೇಪಣೆಯೂ ಇತ್ತು, ಆದರೆ ವೋಲ್ಟೇಜ್ ಅಳೆಯುವ ಸರ್ಕ್ಯೂಟ್ ಮತ್ತು ರೇಡಿಯೋ ಎರಡೂ ಕ್ಲೈಮ್‌ನಲ್ಲಿದ್ದುದರಿಂದ ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಉತ್ತರಕ್ಕೆ ಆರು ತಿಂಗಳ ಗಡುವು ಇರುತ್ತದೆ, ಬೇಕಾದರೆ ಇನ್ನೂ ಮೂರು ತಿಂಗಳು ಕೇಳಬಹುದು. ನಾನು ಮೊದಲು ಮಾಡಿದ ಕೆಲಸ ನಮ್ಮ ಅರ್ಜಿಯನ್ನು ಬದಿಗಿಟ್ಟು ಡಿ1, ಡಿ2 ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ್ದು. ಪರೀಕ್ಷಕರು ಎತ್ತಿ ತೋರಿಸಿದ ಪ್ಯಾರಾಗಳನ್ನು ಮಾತ್ರ ಓದಿದರೆ ಅವರಿಗೆ ಬೇಕಾದಷ್ಟು ಮಾತ್ರ ಕಾಣುತ್ತದೆ. ಬೇರೆ ಪುಟಗಳಲ್ಲಿ ಏನಿದೆ, ಆ ದಾಖಲೆ ಓದುಗನನ್ನು ಯಾವ ಕಡೆಗೆ ಕರೆದೊಯ್ಯುತ್ತದೆ ಅನ್ನುವುದು ಇಡೀ ಓದಿದಾಗಲೇ ತಿಳಿಯುವುದು. ಡಿ1ರ ನಡುವಿನ ಒಂದು ಪುಟದಲ್ಲಿ ಒಂದು ವಾಕ್ಯ ಸಿಕ್ಕಿತು. ಕರೆಂಟ್ ಮರಳಿದ ಮೊದಲ ಕೆಲವು ಸೆಕೆಂಡುಗಳ ವೋಲ್ಟೇಜ್ ರೀಡಿಂಗ್ ನಂಬುವಂಥದ್ದಲ್ಲ, ಅದನ್ನು ಬಿಟ್ಟುಬಿಡಬೇಕು ಎಂಬ ಅರ್ಥದ್ದು. ನಾನು ಅದಕ್ಕೆ ಹಳದಿ ಗೆರೆ ಎಳೆದೆ. ನಮ್ಮವರು ಸರದಿ ಕಂಡುಕೊಂಡದ್ದು ಡಿ1 ಎಸೆದುಬಿಡಿ ಅಂದ ಆ ಸೆಕೆಂಡುಗಳಲ್ಲೇ.

ಕಾನೂನು ಏನು ಹೇಳುತ್ತದೆ ಅಂತ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಪ್ರಕಾರ ಇನ್ವೆಂಟಿವ್ ಸ್ಟೆಪ್ (ಆವಿಷ್ಕಾರದ ಹೆಜ್ಜೆ) ಇರಬೇಕಾದರೆ ಆಗಲೇ ಇರುವ ತಿಳಿವಳಿಕೆಗಿಂತ ತಾಂತ್ರಿಕ ಮುನ್ನಡೆ ಇರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಜೊತೆಗೆ ಆ ಕಾರಣದಿಂದ ಅದು ಕ್ಷೇತ್ರ ಬಲ್ಲವನಿಗೆ ಆಬ್ವಿಯಸ್ ಆಗಿರಬಾರದು. ಬಹಳ ಜನ ಮೊದಲ ಅರ್ಧವನ್ನು ತೋರಿಸಿ ನಿಲ್ಲಿಸುತ್ತಾರೆ. ‘ನಮ್ಮ ಸಾಧನ ಚೆನ್ನಾಗಿ ಕೆಲಸ ಮಾಡುತ್ತೆ, ಖರ್ಚು ಉಳಿಸುತ್ತೆ’ ಅನ್ನುವುದು ನಿಜವೇ ಇರಬಹುದು, ಅಷ್ಟು ಸಾಲದು. ಸುಪ್ರೀಂ ಕೋರ್ಟ್ 1978ರ ಡಿಸೆಂಬರ್‌ನಲ್ಲಿ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಲೇತ್‌ಗೆ ಹಿಡಿಸಿ ನುಣುಪು ಮಾಡುವಾಗ ಪಾತ್ರೆ ಹಾರಿ ಬೀಳುತ್ತಿತ್ತು. ಅದನ್ನು ಭದ್ರವಾಗಿ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಇತ್ತು. ಉಪಯೋಗ ಇದ್ದದ್ದು ನಿಜ. ಆದರೂ ಹಳೆಯ ವಿದ್ಯೆಯನ್ನೇ ಹೊಂದಿಸಿಕೊಂಡ ವರ್ಕ್‌ಶಾಪ್ ಮಟ್ಟದ ಸುಧಾರಣೆ ಇದು ಎಂದು ಕೋರ್ಟ್ ಪೇಟೆಂಟನ್ನು ನಿಲ್ಲಗೊಡಲಿಲ್ಲ. ಆ ತೀರ್ಪಿನ ಒರೆಗಲ್ಲು ನನಗೆ ಇಂದಿಗೂ ಎಲ್ಲಕ್ಕಿಂತ ಸ್ಪಷ್ಟ ಅನ್ನಿಸುತ್ತದೆ. ಸಮಸ್ಯೆ ಎದುರಿಗಿರುವ, ಆದರೆ ಈ ಆವಿಷ್ಕಾರ ಗೊತ್ತಿಲ್ಲದ ಒಬ್ಬ ಸಮರ್ಥ ಕುಶಲಿಯ ಕೈಗೆ ಹಳೆಯ ದಾಖಲೆ ಕೊಟ್ಟರೆ ‘ನನಗೆ ಬೇಕಾದದ್ದು ಇಲ್ಲೇ ಇದೆಯಲ್ಲ’ ಅನ್ನುತ್ತಾನಾ?

2015ರಲ್ಲಿ ರೋಶ್ ಮತ್ತು ಸಿಪ್ಲಾ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ಒಂದು ಕ್ರಮ ಕೊಟ್ಟಿತು. ಆ ಕ್ಷೇತ್ರ ಬಲ್ಲವನು ಯಾರು ಅಂತ ಗುರುತಿಸು, ಆವಿಷ್ಕಾರದ ತಿರುಳೇನು ನೋಡು, ಅರ್ಜಿಯ ದಿನಾಂಕಕ್ಕೆ ಅವನಿಗೆ ಏನೇನು ಗೊತ್ತಿರುತ್ತಿತ್ತು ಅಂತ ಅವನ ತಲೆಗೆ ತುಂಬು, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಪಟ್ಟಿ ಮಾಡು, ಕೊನೆಗೆ ಆ ವ್ಯತ್ಯಾಸ ಅವನಿಗೆ ಹೊಳೆಯುತ್ತಿತ್ತೇ ಅಂತ ಕೇಳಿಕೋ. ಹಾಗೆ ಕೇಳಿಕೊಳ್ಳುವಾಗ ಆವಿಷ್ಕಾರದಿಂದಲೇ ಕಲಿತದ್ದನ್ನು ಒಳಗೆ ಬಿಡಬೇಡ. ಔಷಧದ ಪ್ರಕರಣವೇ ಆದರೂ ರೇಡಿಯೋಗೂ ಇದೇ ಕ್ರಮ.

ಮೊದಲ ಪ್ರಶ್ನೆಯಲ್ಲೇ ನಾನು ಸಿಕ್ಕಿಕೊಂಡೆ. ನಮ್ಮ ಕುಶಲಿ ಯಾರು? ರೇಡಿಯೋ ಎಂಜಿನಿಯರ್ ಮಾತ್ರ ಅಂದರೆ ಪಂಪ್ ಸ್ಟಾರ್ಟರ್‌ನ ಡಿ2 ಅವನ ಮೇಜಿಗೇ ಬರುವುದಿಲ್ಲ, ಉತ್ತರ ಬರೆಯುವುದು ಸುಲಭ. ಆದರೆ ನಮ್ಮ ಅರ್ಜಿಯ ಶೀರ್ಷಿಕೆಯಲ್ಲೇ ಪಂಪ್‌ಸೆಟ್ ಇದೆ. ಪಂಪಿಗೆ ವೈರ್‌ಲೆಸ್ ಪೆಟ್ಟಿಗೆ ಮಾಡುವ ಯಾವ ತಂಡದಲ್ಲೂ ಸ್ಟಾರ್ಟರ್ ಬಲ್ಲವನೊಬ್ಬ ಇದ್ದೇ ಇರುತ್ತಾನೆ. ಕುಶಲಿಯನ್ನು ಬೇಕೆಂದೇ ದಡ್ಡನನ್ನಾಗಿ ಮಾಡಿ ಗೆಲ್ಲುವುದು ನನಗೆ ಹಿಡಿಸದು. ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ, ಅಂದರೆ ಕಂಟ್ರೋಲರ್, ಮುಂದೆ ಅದು ನಿಲ್ಲುವುದೂ ಇಲ್ಲ. ಆದ್ದರಿಂದ ಇಬ್ಬರ ತಂಡ ಅಂತಲೇ ಒಪ್ಪಿಕೊಂಡು ಯೋಚಿಸಿದೆ: ಒಬ್ಬನಿಗೆ ಲೋರಾ, ಅಲೋಹಾ ಎಲ್ಲ ಕರಗತ, ಇನ್ನೊಬ್ಬನಿಗೆ ಟಿಸಿ, ಸ್ಟಾರ್ಟರ್, ವೋಲ್ಟೇಜ್ ಕುಸಿತ ಎಲ್ಲ ಕರಗತ. ಇಬ್ಬರೂ ಒಂದೇ ಮೇಜಿನಲ್ಲಿ ಡಿ1, ಡಿ2 ಇಟ್ಟುಕೊಂಡು ಕೂತಿದ್ದಾರೆ. ಈಗಲೂ ಹೊಳೆಯುತ್ತದೆಯೇ?

ಇಲ್ಲಿಗೆ ಬಂದಾಗಲೇ ನನಗೆ ಇಡೀ ವಿಷಯದ ಕೀಲು ಎಲ್ಲಿದೆ ಅಂತ ಗೊತ್ತಾದದ್ದು. ಆ ಇಬ್ಬರ ಮುಂದೆ ನಾವು ಸಮಸ್ಯೆಯನ್ನು ಯಾವ ಮಾತಿನಲ್ಲಿ ಇಡುತ್ತೇವೆ ಅನ್ನುವುದರಲ್ಲೇ ಅರ್ಧ ತೀರ್ಪು ಆಗಿಹೋಗುತ್ತದೆ. ‘ವೋಲ್ಟೇಜ್ ನೋಡಿ ಸಂದೇಶಗಳನ್ನು ಹಿಂದೆ ಮುಂದೆ ಮಾಡುವುದು ಹೇಗೆ?’ ಅಂತ ಕೇಳಿದರೆ ಹತ್ತು ನಿಮಿಷದಲ್ಲಿ ಉತ್ತರ ಬಂದೀತು. ಆದರೆ ‘ವೋಲ್ಟೇಜ್ ನೋಡಿ’ ಅನ್ನುವುದು ಸಮಸ್ಯೆಯ ಭಾಗವಲ್ಲ, ಉತ್ತರದ ಭಾಗ. ಅರ್ಜಿ ಓದಿದವರ ಬಾಯಿಂದ ಮಾತ್ರ ಅದು ಬರುತ್ತದೆ. ಪ್ರಾಮಾಣಿಕವಾಗಿ ಕೇಳಬೇಕಾದ ಪ್ರಶ್ನೆ: ‘ಕರೆಂಟ್ ಬಂದಾಗ ಒಂದರ ದನಿ ಇನ್ನೊಂದಕ್ಕೆ ಕೇಳದ ಪೆಟ್ಟಿಗೆಗಳ ಸಂದೇಶಗಳು ಡಿಕ್ಕಿ ಹೊಡೆಯದ ಹಾಗೆ ಮಾಡುವುದು ಹೇಗೆ?’ ಎಫ್‌ಇಆರ್‌ನ ವಾದ ನನಗೆ ಅಷ್ಟು ಗಟ್ಟಿ ಅನ್ನಿಸಿದ್ದು ಅದು ಮೊದಲ ಪ್ರಶ್ನೆಯಿಂದ ಶುರುವಾಗಿದ್ದರಿಂದ.

ಇದನ್ನು ಪರೀಕ್ಷಿಸಬೇಕು ಅನ್ನಿಸಿ, ಹಳೆಯ ಸಹೋದ್ಯೋಗಿಯೊಬ್ಬರನ್ನು ಕರೆದೆ. ಲೋರಾ ಮೀಟರ್‌ಗಳ ಮೇಲೆ ವರ್ಷಗಟ್ಟಲೆ ದುಡಿದವರು, ತಂದೆಯ ಕಾಲದ ತೋಟ ಇರುವುದರಿಂದ ಸ್ಟಾರ್ಟರ್ ಕಾಟವೂ ಚೆನ್ನಾಗಿ ಗೊತ್ತು. ನಮ್ಮ ಅರ್ಜಿ ಆಗಲೇ ಪ್ರಕಟವಾಗಿತ್ತು, ಅವರು ನೋಡಿರಲಿಲ್ಲ ಅಷ್ಟೆ. ಡಿ1, ಡಿ2 ಎರಡನ್ನೂ ಕೊಟ್ಟು, ಎರಡನೆಯ ಪ್ರಶ್ನೆಯನ್ನು ಹೇಳಿ, ‘ನೀವಾದರೆ ಏನ್ ಮಾಡ್ತೀರಿ ಸರ್?’ ಅಂದೆ. ಅವರು ಬಿಳಿ ಬೋರ್ಡ್ ಮೇಲೆ ಬರೆಯುತ್ತಾ ಹೋದರು. ರ್‍ಯಾಂಡಮ್ ಕಾಯುವಿಕೆಯ ಅವಧಿ ಹೆಚ್ಚಿಸೋದು. ಸೀರಿಯಲ್ ನಂಬರ್ ಪ್ರಕಾರ ಸರದಿ ಕೊಡೋದು. ಗೇಟ್‌ವೇಯೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳೋದು. ಪೆಟ್ಟಿಗೆಗಳನ್ನು ಬೇರೆ ಬೇರೆ ಚಾನೆಲ್‌ಗೆ ಹಂಚೋದು. ಸಂದೇಶ ಚಿಕ್ಕದು ಮಾಡೋದು. ಎಲ್ಲವೂ ಒಳ್ಳೆಯ ಎಂಜಿನಿಯರಿಂಗ್. ಡಿ2 ಪುಟ ತಿರುವಿ ‘ಇದು ಮೋಟಾರ್ ಉಳಿಸೋಕೆ ಅಲ್ವಾ’ ಅಂತ ಬದಿಗಿಟ್ಟರು. ವೋಲ್ಟೇಜ್ ಕುಸಿತ ಎಣಿಸುವ ಮಾತು ಬರಲೇ ಇಲ್ಲ.

ಆಮೇಲೆ ನಮ್ಮ ಅರ್ಜಿಯ ಚಿತ್ರ ತೋರಿಸಿದೆ. ಒಂದು ಕ್ಷಣ ನೋಡಿ ಹಣೆ ಹಣೆ ಬಡಿದುಕೊಂಡರು. ‘ಛೇ, ಇದು ಎದುರಿಗೇ ಇತ್ತಲ್ರೀ! ಎಲ್ಲ ಒಂದೇ ಟಿಸಿ ಅಲ್ವಾ!’ ಎರಡು ನಿಮಿಷದ ನಂತರ ಅವರಿಗೆ ಇದು ಮೊದಲೇ ಗೊತ್ತಿದ್ದ ಹಾಗೆಯೇ ಮಾತಾಡತೊಡಗಿದರು. ಈ ಒಬ್ಬರ ಅನುಭವ ಕಾನೂನಿನ ಲೆಕ್ಕದಲ್ಲಿ ಸಾಕ್ಷಿಯಲ್ಲ; ಕಾನೂನಿನ ಕುಶಲಿ ಅರ್ಜಿಯ ದಿನಾಂಕದಲ್ಲಿ ನಿಂತ ಕಲ್ಪಿತ ವ್ಯಕ್ತಿ, ಇವರು ಇಂದು ನನ್ನೆದುರು ಕೂತ ಒಬ್ಬ ಮನುಷ್ಯ. ಉತ್ತರದಲ್ಲಿ ನಾನು ಇದನ್ನು ಬರೆಯಲೂ ಇಲ್ಲ. ಆದರೆ ಹಿನ್ನೋಟ ಎಷ್ಟು ಬೇಗ ಮನಸ್ಸನ್ನು ಆಕ್ರಮಿಸುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದು ನನಗೆ ಧೈರ್ಯ ಕೊಟ್ಟಿತು.

ವೈರ್‌ಲೆಸ್ ಇತಿಹಾಸದ ಒಂದು ದೊಡ್ಡ ಪೇಟೆಂಟ್ ಜಗಳವೂ ಇದೇ ಹಿನ್ನೋಟದ ಪ್ರಶ್ನೆಯ ಮೇಲೆ ನಡೆದದ್ದು. ಮಾರ್ಕೋನಿ 1900ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದಲ್ಲಿ ಪಡೆದ 763,772ನೇ ನಂಬರಿನ ಪೇಟೆಂಟ್‌ನ ತಿರುಳು ನಾಲ್ಕು ಸರ್ಕ್ಯೂಟ್: ಕಳಿಸುವ ಕಡೆ ಎರಡು, ಪಡೆಯುವ ಕಡೆ ಎರಡು, ನಾಲ್ಕನ್ನೂ ಒಂದೇ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡುವುದು. ಇದರ ಬ್ರಿಟಿಷ್ ಜೋಡಿ, 7777ನೇ ನಂಬರಿನ ಪೇಟೆಂಟನ್ನು 1911ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಎತ್ತಿಹಿಡಿದಿತ್ತು. 1943ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಖ್ಯ ಕ್ಲೈಮ್‌ಗಳನ್ನು ಅನೂರ್ಜಿತಗೊಳಿಸಿತು. ಆಲಿವರ್ ಲಾಡ್ಜ್, ನಿಕೋಲಾ ಟೆಸ್ಲಾ, ಜಾನ್ ಸ್ಟೋನ್ ಸ್ಟೋನ್ ಅವರ ಹಿಂದಿನ ಕೆಲಸಗಳಿಂದ ಇಲ್ಲಿಗೆ ಬರಲು ಹೊಸ ಆವಿಷ್ಕಾರ ಬೇಕಿರಲಿಲ್ಲ ಅನ್ನುವುದು ಬಹುಮತದ ನಿಲುವು. ಟೆಸ್ಲಾ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ಆ ತೀರ್ಪು ‘ರೇಡಿಯೋ ಕಂಡುಹಿಡಿದವರು ಟೆಸ್ಲಾ’ ಅಂತ ಸಾರಿತು ಎಂದು ಇಂದಿಗೂ ಹಂಚಿಕೊಳ್ಳುತ್ತಾರೆ. ಅದು ತಪ್ಪು. ಮಾರ್ಕೋನಿಯ ಮೂಲ ಪೇಟೆಂಟ್ ಅಲ್ಲಿ ಪ್ರಶ್ನೆಯಲ್ಲೇ ಇರಲಿಲ್ಲ, ಕೋರ್ಟೇ ಅದನ್ನು ಬಿಡಿಸಿ ಹೇಳಿದೆ. ನನಗೆ ಮುಖ್ಯ ಅನ್ನಿಸುವುದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಭಿನ್ನಮತ. ಯಾರೋ ತೋರಿಸಿಕೊಡುವವರೆಗೆ ದೊಡ್ಡ ದೊಡ್ಡ ಬುದ್ಧಿವಂತರಿಗೂ ಕಾಣದಿದ್ದದ್ದನ್ನು ಆಮೇಲೆ ಹಿಂದಿನಿಂದ ಜೋಡಿಸಿ ‘ಇದೆಲ್ಲ ಸುಲಭವಿತ್ತು’ ಅನ್ನುವುದು ಚುರುಕು ಬುದ್ಧಿಯವರಿಗೆ ತೀರಾ ಆಕರ್ಷಕ ಕಸರತ್ತು ಎಂದು ಅವರು ಎಚ್ಚರಿಸಿದರು. ಬಹುಮತದ ಫಲಿತಾಂಶ ಸರಿಯೇ ಇದ್ದಿರಬಹುದು, ಸ್ಟೋನ್ ಅವರ ಅರ್ಜಿ ಮಾರ್ಕೋನಿಯದಕ್ಕಿಂತ ತಿಂಗಳುಗಳಷ್ಟು ಮುಂಚಿನದು. ಆದರೂ ಆ ಎಚ್ಚರಿಕೆಯನ್ನು ಪ್ರತಿ ಪರೀಕ್ಷಕರೂ ಪ್ರತಿ ಏಜೆಂಟರೂ ಓದಬೇಕು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಾಲದ ಉದಾಹರಣೆ ಎಲ್ಲರ ಜೇಬಿನಲ್ಲಿದೆ. ಬೆರಳು ಸರಿಸಿ ಫೋನ್ ತೆರೆಯುವ ಆಪಲ್‌ನ ಪೇಟೆಂಟ್. ಅದಕ್ಕೂ ಮೊದಲೇ ಸ್ವೀಡನ್ನಿನ ನಿಯೋನೋಡ್ ಫೋನಿನಲ್ಲಿ ಬೆರಳು ಎಳೆದು ಅನ್‌ಲಾಕ್ ಮಾಡುವುದಿತ್ತು. ಬೆರಳಿನ ಜೊತೆ ಚಿತ್ರ ಸರಿಯುವುದು ಮಾತ್ರ ಇರಲಿಲ್ಲ. 2012ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಅದನ್ನು ಆಬ್ವಿಯಸ್ ಅಂದಿತು. ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ 2016ರ ಫೆಬ್ರವರಿಯಲ್ಲಿ ಆಬ್ವಿಯಸ್ ಅಂದಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯದ ಪೂರ್ಣ ಪೀಠ ಅದನ್ನು ತಿರುಗಿಸಿ, ಪೇಟೆಂಟ್ ನಿಲ್ಲುತ್ತದೆ ಎಂಬ ಜ್ಯೂರಿಯ ತೀರ್ಮಾನವನ್ನೇ ಉಳಿಸಿತು. ಒಂದೇ ಹಳೆಯ ಫೋನ್ ಎದುರಿಗಿಟ್ಟುಕೊಂಡು ತಿಳಿದವರೇ ಹೀಗೆ ಬೇರೆ ಬೇರೆ ಕಡೆ ಹೋಗುತ್ತಾರೆ. ಆದ್ದರಿಂದ ನಮ್ಮ ಕಡೆಯ ವಾದ ಎಷ್ಟು ಕಿರಿದಾಗಿ, ಎಷ್ಟು ಖಚಿತವಾಗಿ ನಿಲ್ಲುತ್ತದೆ ಅನ್ನುವುದು ಮುಖ್ಯ.

ಕಿರಿದು ಮಾಡುವ ಮಾತು ಅರ್ಜಿದಾರರಿಗೆ ಹೇಳುವುದೇ ಕಷ್ಟದ ಭಾಗವಾಗಿತ್ತು. ನಮ್ಮ ಕ್ಲೈಮ್ 1 ವಾಡಿಕೆಯಂತೆ ಅಗಲವಾಗಿತ್ತು: ಕರೆಂಟ್ ಮರಳಿದ ಮೇಲೆ ಅಳೆದ ವೋಲ್ಟೇಜ್ ಆಧಾರದಲ್ಲಿ ಸಂದೇಶದ ಸಮಯ ನಿರ್ಧರಿಸುವ ವೈರ್‌ಲೆಸ್ ಸಾಧನ. ಕುಸಿತ ಎಣಿಸುವುದು ಬಂದದ್ದು ಕ್ಲೈಮ್ 4ರಲ್ಲಿ. ಇಬ್ಬರ ಆ ತಂಡದ ಜಾಗದಲ್ಲಿ ಕೂತು ನೋಡಿದರೆ ಕ್ಲೈಮ್ 1 ನಿಲ್ಲುವುದಿಲ್ಲ ಅಂತ ನನಗೆ ಖಚಿತವಾಯಿತು. ವೋಲ್ಟೇಜ್ ನೆಟ್ಟಗಾಗುವವರೆಗೆ ರೇಡಿಯೋ ಆನ್ ಮಾಡದೆ ಕಾಯುವುದು ಯಾವ ಎಂಜಿನಿಯರ್ ಆದರೂ ಮಾಡುವ ಕೆಲಸ. ಕಡಿಮೆ ವೋಲ್ಟೇಜ್‌ನಲ್ಲಿ ಚಿಪ್ ರೀಸೆಟ್ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದು ಕೂಡ ‘ವೋಲ್ಟೇಜ್ ಆಧಾರದಲ್ಲಿ ಸಮಯ ನಿರ್ಧರಿಸುವುದೇ’. ಡಿ2 ಇಲ್ಲದಿದ್ದರೂ ಆ ಕ್ಲೈಮ್ ಬೀಳುತ್ತಿತ್ತು.

ಅವರು ಕೆ.ಆರ್. ಪುರದ ನನ್ನ ಕಚೇರಿಗೇ ಬಂದಿದ್ದರು. ವಿಷಯ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ‘ಅಷ್ಟು ಸುಲಭ ಆಗಿದ್ರೆ ಇಷ್ಟು ವರ್ಷ ಯಾರೂ ಯಾಕ್ ಮೇಡಂ ಮಾಡ್ಲಿಲ್ಲ?’ ಅಂದರು.

‘ಎಣಿಸೋದನ್ನ ಯಾರೂ ಮಾಡ್ಲಿಲ್ಲ. ಅದಕ್ಕೇ ಅದನ್ನ ಹಿಡ್ಕೊಳ್ಳೋಣ ಅಂತಿದೀನಿ. ವೋಲ್ಟೇಜ್ ನೋಡಿ ಕಾಯೋದನ್ನ ಎಲ್ಲರೂ ಮಾಡ್ತಾರೆ. ನೀವೇ ಎಷ್ಟು ಸ್ಟಾರ್ಟರ್‌ಗೆ ಆ ಕಾರ್ಡ್ ಹಾಕಿಲ್ಲ?’

‘ಹಾಕಿದೀನಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಕ್ಲೈಮ್ ಸಣ್ಣದಾದ್ರೆ ದೊಡ್ಡ ಕಂಪನಿಯೋರು ಸುತ್ಹಾಕ್ಕೊಂಡು ಮಾಡ್ಬಿಡಲ್ವಾ?’

ಕೇಳಬೇಕಾದ ಪ್ರಶ್ನೆಯೇ ಅದು. ನಾವಿಬ್ಬರೂ ಕೂತು, ಎಣಿಸದೆ ಇದೇ ಫಲ ಪಡೆಯುವ ದಾರಿ ಯಾವುದಿದೆ ಅಂತ ಹುಡುಕಿದೆವು. ಟಿಸಿಯ ಬಳಿಯೇ ಒಂದು ಪೆಟ್ಟಿಗೆ ಇಟ್ಟು ಎಲ್ಲರಿಗೂ ಸರದಿ ಹೇಳಿಸಬಹುದು, ಆದರೆ ಅದಕ್ಕೆ ಇನ್ನೊಂದು ಸಾಧನದ ಖರ್ಚು. ಕುಸಿತದ ಆಳ ಮಾತ್ರ ನೋಡಬಹುದು, ಆದರೆ ಮೋಟಾರಿನ ಎಚ್‌ಪಿ ಬದಲಾದಂತೆ ಅದು ಬದಲಾಗುತ್ತದೆ. ಎಣಿಕೆಯೇ ಅಗ್ಗದ ದಾರಿ, ಅದೇ ಈ ಆವಿಷ್ಕಾರದ ಜೀವ. ಆ ಮಧ್ಯಾಹ್ನ ಅವರು ಕ್ಲೈಮ್ 1 ಬಿಟ್ಟುಕೊಡಲು ಒಪ್ಪಿದರು. ಸೆಕ್ಷನ್ 59 ಪ್ರಕಾರ ತಿದ್ದಿದ ಕ್ಲೈಮ್ ಮೊದಲಿನದರ ವ್ಯಾಪ್ತಿಯೊಳಗೇ ಇರಬೇಕು, ಮೂಲ ವಿವರಣೆಯಲ್ಲಿ ಅದಕ್ಕೆ ಆಧಾರವೂ ಇರಬೇಕು. ಎರಡಕ್ಕೂ ತೊಂದರೆ ಇರಲಿಲ್ಲ. ಅವರು ಬಿಳಿ ಹಾಳೆಯ ಮೇಲೆ ಎಳೆದಿದ್ದ ಗೆರೆಯೇ ಅರ್ಜಿಯಲ್ಲಿ ಚಿತ್ರ 3 ಆಗಿತ್ತು.

ಉತ್ತರದಲ್ಲಿ ನಾನು ಒತ್ತಿ ಹೇಳಿದ್ದು ಇಷ್ಟು. ಡಿ1, ಡಿ2 ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬಿ; ಸಿಗುವುದು ರ್‍ಯಾಂಡಮ್ ಆಗಿ ಮಾತಾಡುವ, ವೋಲ್ಟೇಜ್ ಏರುವವರೆಗೆ ಮೋಟಾರ್ ತಡೆಯುವ ಪೆಟ್ಟಿಗೆ. ಎರಡು ಕೆಲಸವೂ ಅಕ್ಕಪಕ್ಕ ನಡೆಯುತ್ತವೆ, ಒಂದಕ್ಕೊಂದು ಮಾತಿಲ್ಲ. ಡಿ2ಕ್ಕೆ ವೋಲ್ಟೇಜ್ ಅಂದರೆ ಒಂದು ಮಟ್ಟ: ಸಾಕಾ, ಸಾಲದಾ. ನಮ್ಮದರಲ್ಲಿ ವೋಲ್ಟೇಜ್ ಅಂದರೆ ಘಟನೆಗಳ ಸಾಲು: ನನಗಿಂತ ಮೊದಲು ಎಷ್ಟು ಜನ ಎದ್ದರು. ಮಟ್ಟದಿಂದ ಎಣಿಕೆಗೆ, ಮೋಟಾರಿನಿಂದ ರೇಡಿಯೋಗೆ ದಾಟಿಸಲು ಎರಡರಲ್ಲಿ ಯಾವ ದಾಖಲೆಯೂ ಕಾರಣ ಕೊಡುವುದಿಲ್ಲ. ಡಿ1 ಅಂತೂ ಆ ಸೆಕೆಂಡುಗಳನ್ನು ಬಿಡಿ ಅನ್ನುತ್ತದೆ.

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ. ಹಿಯರಿಂಗ್ ವಿಡಿಯೋದಲ್ಲಿ ನಡೆಯಿತು. ಕಂಟ್ರೋಲರ್ ಚೆನ್ನಾಗಿ ಓದಿಕೊಂಡು ಬಂದಿದ್ದರು. ಅವರ ಮೊದಲ ಪ್ರಶ್ನೆಯೇ ಸರಿಯಾದ ಜಾಗಕ್ಕೆ ಬಿತ್ತು: ಡಿ2 ಮೋಟಾರ್‌ಗಳನ್ನು ಹಿಂದೆ ಮುಂದೆ ಮಾಡಿದರೆ, ಮೋಟಾರ್ ಎದ್ದ ಮೇಲೆ ಹೋಗುವ ಸಂದೇಶಗಳೂ ತಾವಾಗಿಯೇ ಹಿಂದೆ ಮುಂದೆ ಆಗುವುದಿಲ್ಲವೇ? ನಾನು ಈ ಪ್ರಶ್ನೆಗೆ ಕಾದಿದ್ದೆ. ಡಿ2ರಲ್ಲಿ ವೋಲ್ಟೇಜ್ ಸಾಕಷ್ಟಿದ್ದರೆ ಯಾರೂ ಕಾಯುವುದಿಲ್ಲ, ಎಲ್ಲ ಮೋಟಾರ್ ಒಟ್ಟಿಗೇ ಏಳಬಹುದು. ಸಾಲದಿದ್ದರೆ ಎಲ್ಲರೂ ಕಾದು, ಮಟ್ಟ ಮುಟ್ಟಿದ ಅದೇ ಕ್ಷಣದಲ್ಲಿ ಎಲ್ಲರೂ ಹೊರಡುತ್ತಾರೆ. ಮಟ್ಟ ಎಲ್ಲರಿಗೂ ಸರಿಸುಮಾರು ಒಂದೇ ಹೊತ್ತಿಗೆ ಸಿಗುವುದರಿಂದ ಡಿ2 ಗುಂಪನ್ನು ಚದುರಿಸುವ ಬದಲು ಕೂಡಿಸಲೂಬಹುದು. ಇದನ್ನು ಹೇಳಿ, ತೋಟದಲ್ಲಿ ದಾಖಲಿಸಿದ ವೋಲ್ಟೇಜ್ ಗ್ರಾಫ್ ಪರದೆಗೆ ಹಾಕಿದೆ. ಕರೆಂಟ್ ಬಂದಲ್ಲಿಂದ ಹಲ್ಲುಹಲ್ಲಾಗಿ ಇಳಿದೇಳುವ ಗೆರೆ, ಪ್ರತಿ ಹಲ್ಲಿನ ಕೆಳಗೆ ಯಾವ ತೋಟದ ಮೋಟಾರ್ ಅಂತ ಗುರುತು, ಅದರ ಕೆಳಗಿನ ಸಾಲಿನಲ್ಲಿ ಅದೇ ಕ್ರಮದಲ್ಲಿ ಗೇಟ್‌ವೇಗೆ ಬಂದ ಸಂದೇಶಗಳು.

ಅವರು ಗ್ರಾಫನ್ನು ಬಹಳ ಹೊತ್ತು ನೋಡಿದರು. ‘ಬೇರೆ ಟಿಸಿಯವರು ಅದೇ ಗೇಟ್‌ವೇಗೆ ಮಾತಾಡಿದರೆ?’ ಅಂತ ಕೇಳಿದರು. ಒಂದೊಂದು ಟಿಸಿಯ ಗುಂಪಿಗೆ ಒಂದೊಂದು ಚಾನೆಲ್ ಕೊಡುವುದು ವಿವರಣೆಯಲ್ಲಿತ್ತು, ಅದನ್ನು ತೋರಿಸಿದೆ. ಅದೂ ಕ್ಲೈಮಿನಲ್ಲಿ ಇರಲಿ ಅಂದರು. ಇನ್ನಷ್ಟು ಕಿರಿದಾಗುತ್ತದೆ ಅನ್ನುವ ಅಳುಕು ಇದ್ದರೂ ಮುಖ್ಯ ಕ್ಲೈಮನ್ನು ಕಿರಿದುಮಾಡದೆ ಅದರ ಮೇಲೆ ನಿಲ್ಲುವ ಒಂದು ಆಶ್ರಿತ ಕ್ಲೈಮ್ ಆಗಿ ಸೇರಿಸುವುದಾಗಿ ಕೇಳಿಕೊಂಡೆ, ಒಪ್ಪಿದರು. ಹಿಯರಿಂಗ್ ಆದ 15 ದಿನದೊಳಗೆ ಲಿಖಿತ ವಾದ ಸಲ್ಲಿಸಬೇಕು. ಮಾತಿನಲ್ಲಿ ಹೇಳಿದ್ದನ್ನೆಲ್ಲ ಅದರಲ್ಲಿ ಇಳಿಸಿದೆ. 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್, ಇನ್ವೆಂಟಿವ್ ಸ್ಟೆಪ್ ಇಲ್ಲ ಎಂದು ತಿರಸ್ಕರಿಸುವ ಮೊದಲು ಹಳೆಯದರಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಒಂದರಿಂದ ಇನ್ನೊಂದಕ್ಕೆ ಕುಶಲಿ ಹೇಗೆ ಬರುತ್ತಾನೆ ಅನ್ನುವ ಮೂರನ್ನೂ ಚರ್ಚಿಸಲೇಬೇಕು ಎಂದಿದೆ. ನಾನೂ ವಾದವನ್ನು ಅದೇ ಮೂರು ಭಾಗಗಳಲ್ಲಿ ಬರೆದೆ.

ಪೇಟೆಂಟ್ ಮಂಜೂರಾಯಿತು. ಅಗಲದ ಕ್ಲೈಮ್ 1 ಹೋಗಿದೆ, ಎಣಿಕೆಯ ಕ್ಲೈಮ್ ಉಳಿದಿದೆ. ಮಂಜೂರಾತಿ ಪ್ರಕಟವಾದ ದಿನದಿಂದ ಒಂದು ವರ್ಷ ಸೆಕ್ಷನ್ 25(2) ಅಡಿಯಲ್ಲಿ ಆಸಕ್ತಿಯುಳ್ಳ ಯಾರಾದರೂ ವಿರೋಧಿಸಬಹುದು. ಆಗ ನಾವು ನೋಡದ ಮೂರನೆಯ ದಾಖಲೆಯೊಂದು ಮೇಜಿಗೆ ಬರಬಹುದು, ಇದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿಕೊಳ್ಳಬೇಕಾಗಬಹುದು. ಅರ್ಜಿದಾರರಿಗೆ ಅದನ್ನೆಲ್ಲ ಹೇಳಿದ್ದೇನೆ. ವರ್ಷ ವರ್ಷ ಕಟ್ಟಬೇಕಾದ ನವೀಕರಣ ಶುಲ್ಕದ ತಾರೀಖುಗಳನ್ನೂ ಬರೆದುಕೊಟ್ಟಿದ್ದೇನೆ. ಅವರು ಈಗ ಅರಸೀಕೆರೆ ಕಡೆಯ ಇನ್ನೊಂದು ಊರಿನಲ್ಲಿ, ಸಿಂಗಲ್ ಫೇಸ್ ಮೋಟಾರ್‌ಗಳೂ ಬೆರೆತಿರುವ ಟಿಸಿಯಲ್ಲಿ ಎಣಿಕೆ ಹೇಗೆ ನಡೆಯುತ್ತದೆ ಅಂತ ಪರೀಕ್ಷೆ ಮಾಡುತ್ತಿದ್ದಾರೆ. ಅಲ್ಲಿ ಕುಸಿತ ಒಂದೇ ಫೇಸ್‌ನಲ್ಲಿ ಕಾಣುತ್ತದಂತೆ. ಅದಕ್ಕೆ ಅವರು ಮಾಡಿರುವ ಉಪಾಯ ಮೊದಲ ಅರ್ಜಿಯಲ್ಲಿ ಇಲ್ಲದ್ದು. ಅದನ್ನು ಯಾರಿಗೂ ತೋರಿಸುವ ಮೊದಲು ತಾರೀಖು ಹಿಡಿದಿಡುವ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕೋಣ, ಡ್ರಾಯಿಂಗ್ ಕಳಿಸಿ ಅಂದಿದ್ದೇನೆ.